‘ಲೇಡೀಸ್ ಡ್ರಿಂಕ್’ ಹಣೆಪಟ್ಟಿ ಕಳಚುವುದು ಹೇಗೆ: ಬಾರ್ ನಡೆಸುವವರಿಗೆ, ಟೇಬಲ್ ನೋಡಿಕೊಳ್ಳುವವರಿಗೆ

ಟೇಬಲ್ಲಿನಲ್ಲಿ ಒಬ್ಬ ಗಂಡಸು, ಒಬ್ಬ ಹೆಂಗಸು. ಆರ್ಡರ್ ಎರಡು ಕಾಕ್‌ಟೇಲ್: ಒಂದು ಓಲ್ಡ್ ಫ್ಯಾಷನ್ಡ್, ಒಂದು ಕಾಸ್ಮೋಪಾಲಿಟನ್. ಟ್ರೇ ಹಿಡಿದು ಬಂದವನು ಏನೂ ಕೇಳುವುದಿಲ್ಲ. ಕಂದು ಬಣ್ಣದ ಗಿಡ್ಡ ಗ್ಲಾಸನ್ನು ಗಂಡಸಿನ ಮುಂದಿಡುತ್ತಾನೆ, ಗುಲಾಬಿ ಬಣ್ಣದ ಉದ್ದ ಕಾಲಿನ ಗ್ಲಾಸನ್ನು ಹೆಂಗಸಿನ ಮುಂದಿಡುತ್ತಾನೆ, ಹೊರಡುತ್ತಾನೆ. ಓಲ್ಡ್ ಫ್ಯಾಷನ್ಡ್ ಹೇಳಿದ್ದು ಆಕೆ. ಇಬ್ಬರೂ ಗ್ಲಾಸು ಅದಲುಬದಲು ಮಾಡಿಕೊಂಡು ಸುಮ್ಮನಾಗುತ್ತಾರೆ. ಬೆಂಗಳೂರಿನ ಪಬ್ಬುಗಳಲ್ಲಿ ಇದು ದಿನವೂ ನಡೆಯುವ ತಪ್ಪು, ಯಾರೂ ದೂರು ಕೊಡದ ತಪ್ಪು. ದೂರು ಬರದ್ದರಿಂದಲೇ ಅದು ತಿದ್ದಿಕೊಂಡಿಲ್ಲ.

ಇದರೊಳಗೆ ಇನ್ನೂ ಒಂದು ತಪ್ಪಿದೆ. ಗುಲಾಬಿ ಬಣ್ಣದ್ದು ‘ಲೈಟ್’, ಕಂದು ಬಣ್ಣದ್ದು ‘ಸ್ಟ್ರಾಂಗ್’ ಎಂಬ ಲೆಕ್ಕವೇ ತಲೆಕೆಳಗು. ಅಂತರರಾಷ್ಟ್ರೀಯ ಬಾರ್‌ಟೆಂಡರುಗಳ ಸಂಘದ ಅಳತೆಯಂತೆ ಮಾಡಿದರೆ ಆ ಕಾಸ್ಮೋದಲ್ಲಿ ಓಲ್ಡ್ ಫ್ಯಾಷನ್ಡ್‌ಗಿಂತ ಹೆಚ್ಚು ಆಲ್ಕೋಹಾಲ್ ಇರುತ್ತದೆ. ಹಾಗಾಗಿ ಕೆಲಸ ಶುರುವಾಗಬೇಕಾದದ್ದು ಸಿಬ್ಬಂದಿಗೆ ಉಪದೇಶ ಮಾಡುವುದರಿಂದ ಅಲ್ಲ, ಪೆಗ್ ಮೆಷರಿನಿಂದ.

ಮೊದಲು ಲೆಕ್ಕ ಹಾಕಿ

ಸೂತ್ರ ಸುಲಭ. ಮಿ.ಲೀ. ಅನ್ನು ಲೇಬಲ್ಲಿನ ಮೇಲಿರುವ ಶೇಕಡಾ ಪ್ರಮಾಣದಿಂದ ಗುಣಿಸಿ, 100ರಿಂದ ಭಾಗಿಸಿ. ಬಂದದ್ದು ಶುದ್ಧ ಆಲ್ಕೋಹಾಲಿನ ಮಿ.ಲೀ. ಅದನ್ನು 0.79ರಿಂದ ಗುಣಿಸಿದರೆ ಗ್ರಾಂ ಸಿಗುತ್ತದೆ, ಏಕೆಂದರೆ ಆಲ್ಕೋಹಾಲ್ ನೀರಿಗಿಂತ ಹಗುರ. ನಮ್ಮಲ್ಲಿ ತಯಾರಾಗುವ ವಿಸ್ಕಿ, ರಮ್, ಬ್ರಾಂಡಿಗಳ ಬಾಟಲಿಯ ಮೇಲೆ ಸಾಮಾನ್ಯವಾಗಿ ಶೇ. 42.8 ಎಂದಿರುತ್ತದೆ. 30 ಮಿ.ಲೀ. ಸ್ಮಾಲ್ ಹಾಕಿದರೆ ಸುಮಾರು 10 ಗ್ರಾಂ. ಇದು ಅನುಕೂಲಕರವಾದ ಸಂಖ್ಯೆ: 10 ಗ್ರಾಂ ಅಂದರೆ ಒಂದು ಪೆಗ್ ಎಂದು ಇಟ್ಟುಕೊಂಡರೆ ಮೆನುವಿನ ಪ್ರತಿಯೊಂದು ಡ್ರಿಂಕನ್ನೂ ಎಲ್ಲರಿಗೂ ಗೊತ್ತಿರುವ ಒಂದೇ ತಕ್ಕಡಿಯಲ್ಲಿ ತೂಗಬಹುದು.

ಈಗ ತೂಗಿ ನೋಡಿ. ಕಾಸ್ಮೋಪಾಲಿಟನ್‌ಗೆ 40 ಮಿ.ಲೀ. ನಿಂಬೆ ಪರಿಮಳದ ವೋಡ್ಕಾ, 15 ಮಿ.ಲೀ. ಕ್ವಾಂಟ್ರೋ (ಕಿತ್ತಳೆಯ ಸಿಹಿ ಮದ್ಯ, ಅಂದರೆ ಲಿಕ್ಯೂರ್), 15 ಮಿ.ಲೀ. ನಿಂಬೆರಸ, 30 ಮಿ.ಲೀ. ಕ್ರ್ಯಾನ್‌ಬೆರಿ ರಸ. ವೋಡ್ಕಾವೂ ಶೇ. 40, ಕ್ವಾಂಟ್ರೋವೂ ಶೇ. 40. ಒಟ್ಟು ಸುಮಾರು 17 ಗ್ರಾಂ, ಅಂದರೆ ಒಂದೂಮುಕ್ಕಾಲು ಪೆಗ್. ಓಲ್ಡ್ ಫ್ಯಾಷನ್ಡ್‌ಗೆ 45 ಮಿ.ಲೀ. ಬರ್ಬನ್ ಎಂಬ ಅಮೆರಿಕನ್ ವಿಸ್ಕಿ, ಒಂದು ಸಕ್ಕರೆ ಅಚ್ಚು, ಕೆಲವು ಹನಿ ಬಿಟರ್ಸ್ ಎಂಬ ಕಹಿ ಸಾರ: 14 ಗ್ರಾಂ, ಒಂದೂವರೆ ಪೆಗ್ಗಿಗೂ ಕಡಿಮೆ. 50 ಮಿ.ಲೀ. ಟಕೀಲಾಕ್ಕೆ 20 ಮಿ.ಲೀ. ಟ್ರಿಪಲ್ ಸೆಕ್ (ಕ್ವಾಂಟ್ರೋದಂಥದ್ದೇ, ಶೇ. 40ರದ್ದು) ಸೇರಿದ ಮಾರ್ಗರೀಟಾ 22 ಗ್ರಾಂ ಮುಟ್ಟುತ್ತದೆ, 60 ಮಿ.ಲೀ. ಲಾರ್ಜ್ ವಿಸ್ಕಿಗಿಂತ ಒಂದು ಕೂದಲೆಳೆ ಮೇಲೆ. ಐದು ಬಗೆಯ ಹಾಟ್ ತಲಾ 15 ಮಿ.ಲೀ. ಬೀಳುವ ಲಾಂಗ್ ಐಲ್ಯಾಂಡ್ ಐಸ್ಡ್ ಟೀ, ಹೆಸರಿನಲ್ಲಿ ಟೀ ಇದ್ದರೂ, 24 ಗ್ರಾಂ ಹತ್ತಿರ.

ಬೀರಿನ ಕಡೆ ಬಂದರೆ ಇನ್ನೂ ಆಶ್ಚರ್ಯ. ಶೇ. 5ರ 650 ಮಿ.ಲೀ. ಬಾಟಲಿಯಲ್ಲಿ ಸುಮಾರು 26 ಗ್ರಾಂ. ಶೇ. 8 ಎಂದು ಬರೆದ ಸ್ಟ್ರಾಂಗ್ ಬೀರಿನ ಅದೇ ಬಾಟಲಿಯಲ್ಲಿ 41 ಗ್ರಾಂ, ಅಂದರೆ ನಾಲ್ಕು ಪೆಗ್. ‘ನಾನು ಹಾಟ್ ಮುಟ್ಟಲ್ಲ, ಬರೀ ಬೀರು’ ಎನ್ನುವವನು ಒಂದು ಬಾಟಲಿ ಮುಗಿಸಿ ಗಾಡಿ ಕೀ ಎತ್ತಿಕೊಳ್ಳುವುದಕ್ಕೆ ಈ ಲೆಕ್ಕ ಗೊತ್ತಿಲ್ಲದಿರುವುದೇ ಕಾರಣ. ಶೇ. 4.8ರ 275 ಮಿ.ಲೀ. ಬ್ರೀಜರ್ ಬಾಟಲಿ ಸರಿಯಾಗಿ ಒಂದು ಸ್ಮಾಲ್ ವಿಸ್ಕಿಗೆ ಸಮ. ಶೇ. 13ರ ವೈನ್ 150 ಮಿ.ಲೀ. ಸುರಿದರೆ ಒಂದೂವರೆ ಪೆಗ್.

ಲೆಕ್ಕ ಎಲ್ಲಿ ಕೆಡುತ್ತದೆ? ಮೊದಲನೆಯದು, ಲಿಕ್ಯೂರ್ ಮರೆಯುವುದು. ಕಿತ್ತಳೆ ವಾಸನೆಯ ಸಿಹಿ ಲಿಕ್ಯೂರನ್ನು ಸಿರಪ್ ಎಂದುಕೊಂಡು ಬಿಟ್ಟುಬಿಡುತ್ತಾರೆ. ಕ್ವಾಂಟ್ರೋದಂಥದ್ದು ವೋಡ್ಕಾದಷ್ಟೇ ಕಡಕ್. ಎರಡನೆಯದು, ಮೆಷರಿಲ್ಲದೆ ಕೈಯಳತೆಯಲ್ಲಿ ಸುರಿಯುವುದು. 10 ಮಿ.ಲೀ. ಹೆಚ್ಚು ಬಿದ್ದರೆ ಮೂರು ಗ್ರಾಂ ಏರಿತು, ಪೆಗ್ಗಿನ ಮೂರನೇ ಒಂದು ಭಾಗ. ಮೂರನೆಯದು ಐಸ್ ಕರಗಿದ ನೀರಿನ ಗೊಂದಲ. ಶೇಕರಿನಲ್ಲಿ ಅಲ್ಲಾಡಿಸಿದಾಗ ನೀರು ಸೇರಿ ಶೇಕಡಾ ಪ್ರಮಾಣ ಇಳಿಯುತ್ತದೆ, ಆದರೆ ಗ್ರಾಂ ಅಷ್ಟೇ ಉಳಿಯುತ್ತದೆ. ಹೊಟ್ಟೆಗೆ ಹೋಗುವುದು ಗ್ರಾಂ.

ಬಣ್ಣ, ಸಿಹಿ, ಗ್ಲಾಸಿನ ಕಾಲು: ಯಾವುದು ಏನು ಹೇಳುತ್ತದೆ

ಬಣ್ಣ ಏನನ್ನೂ ಹೇಳುವುದಿಲ್ಲ. ಜಿನ್‌ಗೆ ಅಂಗೋಸ್ಟುರಾ ಬಿಟರ್ಸ್ ಹಾಕಿದಾಗ ಬರುವ ತಿಳಿಗುಲಾಬಿಯ ‘ಪಿಂಕ್ ಜಿನ್’ 19ನೇ ಶತಮಾನದಲ್ಲಿ ಬ್ರಿಟನ್ನಿನ ನೌಕಾಪಡೆಯ ಅಧಿಕಾರಿಗಳ ಪಾನೀಯವಾಗಿತ್ತು. ಜಿನ್, ಕಂಪಾರಿ ಎಂಬ ಕೆಂಪು ಕಹಿ ಮದ್ಯ, ಸಿಹಿ ವರ್ಮುತ್ (ಗಿಡಮೂಲಿಕೆ ಬೆರೆಸಿದ ವೈನ್) ತಲಾ 30 ಮಿ.ಲೀ. ಸೇರುವ ನೆಗ್ರೋನಿ ಕೆಂಪಗೆ ಹೊಳೆಯುತ್ತದೆ, ಮೇಲೊಂದು ಕಿತ್ತಳೆ ಹೋಳೂ ಇರುತ್ತದೆ. ಮೊದಲ ಗುಟುಕಿಗೆ ಹಾಗಲಕಾಯಿ ನೆನಪಾಗುವಷ್ಟು ಕಹಿ, ಅಮಲು ಸುಮಾರು ಎರಡು ಪೆಗ್ಗಿನದು. ಕೆಂಪು ನೋಡಿ ಸಿಹಿ ಎಂದು ಊಹಿಸಿ ‘ಮೇಡಂ, ಇದು ಫ್ರೂಟಿ ಇರುತ್ತೆ’ ಎಂದು ಶಿಫಾರಸು ಮಾಡಿದರೆ ಗ್ಲಾಸು ಅರ್ಧಕ್ಕೇ ವಾಪಸು ಬರುತ್ತದೆ.

ಸಿಹಿಯೂ ಲಿಂಗ ಹೇಳುವುದಿಲ್ಲ. ರಮ್ಮಿಗೆ 200 ಮಿ.ಲೀ. ಕೋಲಾ ಬೆರೆಸಿ ಕುಡಿಯುವವನ ಹೊಟ್ಟೆಗೆ 20 ಗ್ರಾಂ ಮೀರಿ, ಅಂದರೆ ಸುಮಾರು ಐದು ಚಮಚ ಸಕ್ಕರೆ ಹೋಗುತ್ತದೆ. ಅವನಿಗೆ ಯಾರೂ ‘ಏನೋ, ಹೆಂಗಸರ ಥರ ಸಿಹಿ ಕುಡೀತೀಯ’ ಅನ್ನುವುದಿಲ್ಲ. ಓಲ್ಡ್ ಫ್ಯಾಷನ್ಡ್‌ನಲ್ಲೇ ಸಕ್ಕರೆ ಅಚ್ಚಿದೆ. ಸರಿಯಾಗಿ ಮಾಡಿದ ಕಾಸ್ಮೋ ಹುಳಿಯ ಕಡೆಗೇ ವಾಲುತ್ತದೆ. ಸಿಹಿ ಮಾಡುವುದು ಒಂದೇ ಕೆಲಸ: ಆಲ್ಕೋಹಾಲಿನ ಉರಿಯನ್ನು ಮುಚ್ಚುವುದು. ಉರಿ ಗೊತ್ತಾಗದಿದ್ದರೆ ಗುಟುಕು ದೊಡ್ಡದಾಗುತ್ತದೆ, ಗ್ಲಾಸು ಬೇಗ ಖಾಲಿಯಾಗುತ್ತದೆ. ‘ಲೈಟ್’ ಎಂದು ನಂಬಿಸಿ ಕೊಟ್ಟ ಸಿಹಿ ಡ್ರಿಂಕು ಇಡೀ ಬಾರಿನಲ್ಲೇ ಹೆಚ್ಚು ಎಚ್ಚರ ಬೇಡುವ ಗ್ಲಾಸು ಎಂಬುದು ಇದಕ್ಕಾಗಿ.

ಇನ್ನು ಗ್ಲಾಸಿನ ಉದ್ದ ಕಾಲು. ಐಸಿಲ್ಲದೆ ಬಡಿಸುವ ಡ್ರಿಂಕಿಗೆ ಅಂಗೈ ಶಾಖ ತಾಗದಿರಲಿ ಎಂದು ಅದು ಇರುವುದು. 60 ಮಿ.ಲೀ. ಜಿನ್ ಬೀಳುವ, ಎರಡು ಪೆಗ್ಗಿನ ಡ್ರೈ ಮಾರ್ಟಿನಿ ಹೋಗುವುದೂ ಅದೇ ಗ್ಲಾಸಿನಲ್ಲಿ. ಗಿಡ್ಡ ಗ್ಲಾಸು ದೊಡ್ಡ ಐಸಿಗೆ, ಎತ್ತರದ ಕಿರಿದಾದ ಗ್ಲಾಸು ಸೋಡಾದ ಗುಳ್ಳೆ ಬೇಗ ಹಾರದಿರಲಿ ಎಂದು. ಈ ಮೂರು ಕಾರಣ ಸರ್ವ್ ಮಾಡುವವರ ಬಾಯಿಪಾಠವಾಗಿರಬೇಕು.

ಆದರೂ ಯಾರಾದರೂ ‘ಈ ಗ್ಲಾಸು ಬೇಡ, ಗಿಡ್ಡದರಲ್ಲಿ ಕೊಡಿ’ ಎಂದರೆ ವಾದ ಬೇಡ, ಮುಗುಳ್ನಗೆಯೂ ಬೇಡ, ಕೊಡಿ. ಗಿಡ್ಡ ಗ್ಲಾಸನ್ನು ಮೊದಲೇ ಫ್ರೀಜರಿನಲ್ಲಿ ಹದಿನೈದು ನಿಮಿಷ ಇಟ್ಟು ತಣ್ಣಗೆ ಮಾಡಿರಿ. ಒಂದು ದೊಡ್ಡ ಐಸು ಹಾಕುವುದಾದರೆ ಶೇಕ್ ಮಾಡುವ ಹೊತ್ತನ್ನು ಮೂರ್ನಾಲ್ಕು ಸೆಕೆಂಡು ತಗ್ಗಿಸಿ, ಇಲ್ಲವಾದರೆ ಕೊನೆಯ ಅರ್ಧ ನೀರುನೀರಾಗುತ್ತದೆ.

ಹಣೆಪಟ್ಟಿ ಅಂಟಿಸಿದ್ದು ಯಾರು

ಬಹುಪಾಲು ಮಾರಾಟಗಾರರು. ಇಂಗ್ಲೆಂಡಿನ ಶೆಪ್ಟನ್ ಮ್ಯಾಲೆಟ್ ಊರಿನಲ್ಲಿ ಪಿಯರ್ (ಮರಸೇಬು) ಹಣ್ಣಿನಿಂದ ಮಾಡುತ್ತಿದ್ದ ‘ಬೇಬಿಶಾಮ್’ ಎಂಬ ಗುಳ್ಳೆ ಪಾನೀಯವನ್ನು 1950ರ ದಶಕದಲ್ಲಿ ನೇರವಾಗಿ ಹೆಂಗಸರಿಗೆಂದೇ ಮಾರಿದರು. ಪುಟ್ಟ ಜಿಂಕೆಮರಿಯ ಚಿತ್ರ, ಅಗಲ ಬಾಯಿಯ ಕಾಲುಳ್ಳ ಗ್ಲಾಸು, 1957ರಲ್ಲಿ ಟಿವಿ ಜಾಹೀರಾತು. ಪಬ್ಬಿನಲ್ಲಿ ಹೆಂಗಸಿಗೆ ‘ತಕ್ಕ’ ಗ್ಲಾಸು ಯಾವುದು ಎಂಬುದನ್ನು ಆ ಪಾನೀಯ ಒಂದು ತಲೆಮಾರಿಗೆ ಕಲಿಸಿತು.

ಅದೇ ಬಗೆಯ ಪ್ರಯತ್ನ ಈಗ ಎಡವುತ್ತದೆ. 2018ರಲ್ಲಿ ಸ್ಕಾಟ್ಲೆಂಡಿನ ಬೀರು ಕಂಪನಿ ಬ್ರೂಡಾಗ್ ತನ್ನ ಪಂಕ್ ಐಪಿಎ ಬೀರಿಗೇ ಗುಲಾಬಿ ಲೇಬಲ್ ಅಂಟಿಸಿ, ಹೆಂಗಸರ ವೇತನ ತಾರತಮ್ಯದತ್ತ ಗಮನ ಸೆಳೆಯಲೆಂದು ಅವರಿಗೆ ಐದರಲ್ಲಿ ಒಂದು ಪಾಲು ರಿಯಾಯಿತಿ ಕೊಟ್ಟಿತು. ಅಣಕ ಎಂದು ವಿವರಿಸಿದರೂ ನೋಡಿದವರಿಗೆ ಕಂಡದ್ದು ಗುಲಾಬಿ ಬಣ್ಣ ಮಾತ್ರ. ಅದೇ ವರ್ಷ ಅಮೆರಿಕದಲ್ಲಿ ಜಾನಿ ವಾಕರ್ ಬಾಟಲಿಯ ಮೇಲಿನ ಗಂಡಸನ್ನು ತೆಗೆದು ‘ಜೇನ್ ವಾಕರ್’ ಎಂಬ ಹೆಂಗಸನ್ನು ನಿಲ್ಲಿಸಿದಾಗಲೂ ವಿಸ್ಕಿ ಕುಡಿಯುವ ಹೆಂಗಸರೇ ಕೇಳಿದರು: ಇಷ್ಟು ವರ್ಷ ನಾವು ಕುಡಿಯುತ್ತಿದ್ದದ್ದು ಯಾರ ವಿಸ್ಕಿ? ಹಣೆಪಟ್ಟಿ ತೆಗೆಯುತ್ತೇನೆಂದು ಹೊಸ ಹಣೆಪಟ್ಟಿ ಅಂಟಿಸಬೇಡಿ. ‘ಧೈರ್ಯವಂತೆಯರಿಗಾಗಿ ವಿಸ್ಕಿ’ ಎಂಬ ಪುಟವೂ ‘ಫಾರ್ ದ ಲೇಡೀಸ್’ ಎಂಬ ಪುಟದ ತಂಗಿಯೇ.

ಮೆನು ಮತ್ತೆ ಬರೆಯುವಾಗ

‘ಫಾರ್ ಹರ್’, ‘ದಿವಾ’, ‘ಜಂಟಲ್‌ಮೆನ್ಸ್ ಕಾರ್ನರ್’ ತರಹದ ತಲೆಬರಹ ತೆಗೆಯುವುದು ಐದು ನಿಮಿಷದ ಕೆಲಸ. ಆದರೆ ಆ ಜಾಗ ಖಾಲಿ ಬಿಟ್ಟರೆ ಊಹೆ ಹಾಗೇ ಉಳಿಯುತ್ತದೆ, ಏಕೆಂದರೆ ಓದುವವರಿಗೆ ಆಯ್ಕೆಗೊಂದು ಹಿಡಿ ಬೇಕು. ಆ ಹಿಡಿಯಾಗಿ ರುಚಿಯನ್ನೂ ಅಮಲನ್ನೂ ಕೊಡಿ. ಪ್ರತಿ ಡ್ರಿಂಕಿನ ಕೆಳಗೆ ಒಂದು ಸಾಲು ಸಾಕು:

ಕಾಸ್ಮೋಪಾಲಿಟನ್: ಹುಳಿ ಮುಂದು, ತುಸು ಸಿಹಿ, ಐಸಿಲ್ಲ. 1¾ ಪೆಗ್.
ಓಲ್ಡ್ ಫ್ಯಾಷನ್ಡ್: ತುಸು ಸಿಹಿ, ಮರದ ಘಮ, ದೊಡ್ಡ ಐಸು. ಸುಮಾರು 1½ ಪೆಗ್.
ನೆಗ್ರೋನಿ: ಕಹಿ, ಕೊನೆಗೆ ಸಿಹಿ, ದೊಡ್ಡ ಐಸು. 2 ಪೆಗ್.
ಪಿನಾ ಕೊಲಾಡಾ: ಸಿಹಿ, ಗಟ್ಟಿ, ತೆಂಗು ಮತ್ತು ಅನಾನಸು. 1½ ಪೆಗ್.

ಪುಟದ ಕ್ರಮವನ್ನು ಹುಳಿಯಿಂದ ಕಹಿಗೆ ಹೋಗುವಂತೆ ಜೋಡಿಸಿ. ಕಡಿಮೆ ಅಮಲಿನಿಂದ ಹೆಚ್ಚಿಗೆ ಏರುವಂತೆ ಜೋಡಿಸಬೇಡಿ: ಏಣಿಯ ತುದಿ ಹತ್ತಿದವನೇ ಗಂಡು ಎಂಬ ಪಂದ್ಯಕ್ಕೆ ಅದು ಆಹ್ವಾನವಾಗುತ್ತದೆ. ‘ರಾ ಹೊಡೀತಾನೆ’ ಎಂಬುದು ಹೊಗಳಿಕೆಯಾಗಿರುವ ಊರುಗಳಲ್ಲಿ ಈ ಎಚ್ಚರ ಬೇಕೇಬೇಕು. ಹೊಸ ಡ್ರಿಂಕಿಗೆ ಹೆಸರಿಡುವಾಗ ಒಂದು ಪರೀಕ್ಷೆ: ಗಂಡಸಾಗಲಿ ಹೆಂಗಸಾಗಲಿ ಗಟ್ಟಿಯಾಗಿ ಆ ಹೆಸರು ಹೇಳಿ ಆರ್ಡರ್ ಮಾಡಲು ಮುಜುಗರ ಪಡುವಂತಿದ್ದರೆ ಆ ಹೆಸರು ಬೇಡ. ಕೋಕಂ, ಮಾವಿನಶುಂಠಿ, ಜೀರಿಗೆ ಮೆಣಸು, ಕಾಫಿ ಹೂವು, ಹೆಸರಿಗೆ ನಮ್ಮ ಅಡುಗೆಮನೆ ತೋಟಗಳಲ್ಲೇ ಬೇಕಾದಷ್ಟಿದೆ.

ಬಾರ್ ಕೌಂಟರಿನ ಒಳಗಡೆ ಪ್ರತಿ ಡ್ರಿಂಕಿಗೊಂದು ಕಾರ್ಡು ಅಂಟಿಸಿ: ಅಳತೆ, ಗ್ಲಾಸು, ಐಸು, ಅಲಂಕಾರ. ಕಿತ್ತಳೆ ಸಿಪ್ಪೆ, ಹೂವು, ಕಾಗದದ ಕೊಡೆ, ಸ್ಟ್ರಾ ಎಲ್ಲವೂ ಡ್ರಿಂಕಿಗೆ ಸೇರಿದ್ದು, ಕುಡಿಯುವವರಿಗಲ್ಲ. ಹೆಂಗಸಿನ ವಿಸ್ಕಿ ಸೋಡಾಕ್ಕೆ ಸ್ಟ್ರಾ ಹಾಕಿ, ಗಂಡಸಿನ ವಿಸ್ಕಿ ಸೋಡಾಕ್ಕೆ ಹಾಕದೆ ಕಳಿಸುವುದು ಇಂದಿಗೂ ಕಾಣುವ ರೂಢಿ. ಕೇಳಿದವರಿಗೆ ಮಾತ್ರ ಕಾಗದದ ಸ್ಟ್ರಾ ಎಂದು ನಿಯಮ ಮಾಡಿ. ಪ್ಲಾಸ್ಟಿಕ್ ಸ್ಟ್ರಾಗೆ 2022ರ ಜುಲೈ 1ರಿಂದ ದೇಶದಲ್ಲಿ ನಿಷೇಧವೇ ಇದೆ.

ಆರ್ಡರ್ ತೆಗೆದುಕೊಳ್ಳುವುದು, ಇಡುವುದು

ಕಷ್ಟವಿರುವುದು ಇಲ್ಲಿ. ಬಾಯಿಗೆ ಬಂದುಬಿಡುವ ಮಾತುಗಳು ರೂಢಿಯಾಗಿ ಕೂತಿವೆ. ‘ಮೇಡಂಗೆ ಏನು ಕೊಡಲಿ ಸರ್?’ ಎಂಬ ವಾಕ್ಯವನ್ನು ಸಂಪೂರ್ಣ ಬಿಡಿಸಬೇಕು. ಮೇಡಂ ಎದುರಿಗೇ ಕೂತಿದ್ದಾರೆ. ‘ಮೇಡಂ, ಇದು ಸ್ವಲ್ಪ ಸ್ಟ್ರಾಂಗ್’ ಎಂಬ ಎಚ್ಚರಿಕೆಯೂ ಅಷ್ಟೇ. ಎಚ್ಚರಿಕೆ ಬೇಕು, ಆದರೆ ಎಲ್ಲರಿಗೂ ಬೇಕು, ಲೆಕ್ಕದೊಂದಿಗೆ ಬೇಕು: ‘ಇದರಲ್ಲಿ ಎರಡೂಕಾಲು ಪೆಗ್ ಇದೆ, ಗೊತ್ತಿರಲಿ’. ಅದೇ ಮಾತನ್ನು ಅದೇ ದನಿಯಲ್ಲಿ ಗಂಡಸಿಗೂ ಹೇಳಿದಾಗ ಎಷ್ಟೋ ಜನ ಆರ್ಡರ್ ಬದಲಿಸುತ್ತಾರೆ.

ಏನು ಕುಡಿಯಲಿ ಎಂದು ಗಿರಾಕಿ ನಿಮ್ಮನ್ನೇ ಕೇಳಿದರೆ ಕ್ರಮವಾಗಿ ಮೂರು ಪ್ರಶ್ನೆ ಕೇಳಿ. ಹುಳಿಯೋ, ಸಿಹಿಯೋ, ಕಹಿಯೋ? ಉದ್ದದ ಡ್ರಿಂಕೋ, ಚಿಕ್ಕದೋ? ಅಮಲು ಎಷ್ಟು, ಒಂದು ಪೆಗ್ಗೋ ಎರಡೋ, ಇಲ್ಲವೇ ಬೇಡವೇ ಬೇಡವೋ? ಈ ಉತ್ತರಗಳು ಸಿಕ್ಕ ಮೇಲೆ ಮುಖ ನೋಡಿ ಊಹಿಸುವ ಅಗತ್ಯವೇ ಬರುವುದಿಲ್ಲ.

ಇಡುವಾಗಿನ ತಪ್ಪಿಗೆ ಮದ್ದು ಸೀಟ್ ನಂಬರು. ಪ್ರತಿ ಟೇಬಲ್ಲಿಗೂ ಒಂದು ಗುರುತು ನಿಗದಿ ಮಾಡಿ, ಉದಾಹರಣೆಗೆ ಮುಖ್ಯ ಬಾಗಿಲಿಗೆ ಹತ್ತಿರದ ಕುರ್ಚಿ. ಅದು ಸೀಟ್ 1. ಅಲ್ಲಿಂದ ಗಡಿಯಾರದ ಮುಳ್ಳಿನ ದಿಕ್ಕಿನಲ್ಲಿ 2, 3, 4. ಬಿಒಟಿಯಲ್ಲಿ (ಬಾರಿಗೆ ಹೋಗುವ ಆರ್ಡರ್ ಚೀಟಿಯಲ್ಲಿ) ‘ಟೇಬಲ್ 7, ಸೀಟ್ 3, ಓಲ್ಡ್ ಫ್ಯಾಷನ್ಡ್’ ಎಂದೇ ಬರೆಯಬೇಕು. ಬಿಲ್ಲಿಂಗ್ ಸಾಫ್ಟ್‌ವೇರಿನಲ್ಲಿ ಸೀಟಿಗೆ ಜಾಗವಿಲ್ಲದಿದ್ದರೆ ಐಟಂ ಪಕ್ಕದ ಸೂಚನೆಯ ಖಾನೆಯಲ್ಲಿ ‘ಸೀ 3’ ಎಂದು ಹೊಡೆದರೂ ಆಯಿತು. ಆರ್ಡರ್ ತೆಗೆದುಕೊಂಡವರೇ ಡ್ರಿಂಕ್ ತರಬೇಕೆಂದಿಲ್ಲ. ಯಾರು ತಂದರೂ ಸರಿಯಾದ ಕೈಗೆ ಹೋಗುತ್ತದೆ. ಈ ಪದ್ಧತಿ ಮುರಿಯುವುದು ಗೆಳೆಯರು ಕುರ್ಚಿ ಬದಲಿಸಿದಾಗ. ಆಗ ಟೇಬಲ್ಲಿನ ನಡುವೆ ನೋಡುತ್ತಾ ‘ಕಾಸ್ಮೋ ಯಾರದ್ದು?’ ಎಂದು ಕೇಳಿ. ಹೆಂಗಸಿನತ್ತ ನೋಡುತ್ತಾ ಕೇಳಿದರೆ ಅದು ಪ್ರಶ್ನೆಯಾಗಿ ಉಳಿಯುವುದಿಲ್ಲ.

ವೈನ್ ಬಾಟಲಿ ತೆರೆದಾಗ ರುಚಿ ನೋಡಲು ಸುರಿಯಬೇಕಾದದ್ದು ಆರ್ಡರ್ ಮಾಡಿದವರಿಗೆ. ನಂದಿಬೆಟ್ಟದ ತಪ್ಪಲಿನ ಕೆಂಪು ವೈನನ್ನು ಆರಿಸಿದಾಕೆ ಸುಮ್ಮನೆ ಕೂತು, ಪಕ್ಕದವನು ಗ್ಲಾಸು ತಿರುಗಿಸುವ ದೃಶ್ಯಕ್ಕೆ ಸರ್ವ್ ಮಾಡುವವರೇ ಕಾರಣ. ಬಿಲ್ಲು ಕೇಳಿದವರ ಕೈಗೆ, ಯಾರೆಂದು ಗೊತ್ತಿಲ್ಲದಿದ್ದರೆ ಟೇಬಲ್ಲಿನ ನಡುವೆ.

ಕುಡಿಯದ ಗಂಡಸು

ಈ ಹಣೆಪಟ್ಟಿಯ ಪೆಟ್ಟು ತಿನ್ನುವವರಲ್ಲಿ ಇವನೂ ಒಬ್ಬ, ಇವನ ಬಗ್ಗೆ ಮಾತು ಕಡಿಮೆ. ಎಣ್ಣೆ ಪಾರ್ಟಿಯಲ್ಲಿ ಜ್ಯೂಸ್ ಹಿಡಿದವನಿಗೆ ಬರುವ ಚುಚ್ಚುಮಾತು ತಪ್ಪಿಸಲು ಎಷ್ಟೋ ಜನ ಬೇಡದ ಪೆಗ್ ಕುಡಿಯುತ್ತಾರೆ, ಔಷಧಿ ತೆಗೆದುಕೊಳ್ಳುತ್ತಿರುವಾಗಲೂ. ಬಾರ್ ಇಲ್ಲಿ ಬಹಳ ಮಾಡಬಹುದು. ಆಲ್ಕೋಹಾಲಿಲ್ಲದ ಡ್ರಿಂಕನ್ನೂ ಅದೇ ಗಿಡ್ಡ ಗ್ಲಾಸು, ಅದೇ ದೊಡ್ಡ ಐಸಿನಲ್ಲಿ ಕೊಡಿ. ಸಿಹಿ ಕಡಿಮೆಯಿರುವ ಎರಡಾದರೂ ಇರಲಿ. ಉದಾಹರಣೆಗೆ ಒಂದು: ಗಟ್ಟಿ ಕಪ್ಪು ಟೀ ಡಿಕಾಕ್ಷನ್ 60 ಮಿ.ಲೀ., ಶುಂಠಿರಸ 5, ನಿಂಬೆರಸ 10, ಬೆಲ್ಲದ ಪಾಕ 10, ಕಿತ್ತಳೆ ಸಿಪ್ಪೆ. ನೋಡಲು ವಿಸ್ಕಿಯಂತೆಯೇ, ಗಂಟಲಿಗೂ ಒಂದಿಷ್ಟು ಖಾರ. ಟೀ ಮೂರು ನಿಮಿಷಕ್ಕಿಂತ ಹೆಚ್ಚು ನೆನೆದರೆ ಒಗರು ಏರಿ ಕೆಡುತ್ತದೆ. ಮೆನುವಿನಲ್ಲಿ ಇವಕ್ಕೆ ಹಿಂಬದಿಯ ಪುಟ ಕೊಡಬೇಡಿ, ಉಳಿದವುಗಳ ಸಾಲಿನಲ್ಲೇ ‘0 ಪೆಗ್’ ಎಂದು ಬರೆಯಿರಿ. ಟೇಬಲ್ಲಿಗೆ ತಂದಾಗ ‘ಸರ್, ನಿಮ್ಮ ಮಾಕ್‌ಟೇಲ್’ ಎಂದು ಕೂಗಿ ಹೇಳುವ ಅಗತ್ಯವಿಲ್ಲ, ಸೀಟ್ ನಂಬರಿದೆಯಲ್ಲ.

ದೇಹದ ವಿಷಯ

ಒಂದು ಆಕ್ಷೇಪ ಬಂದೇ ಬರುತ್ತದೆ: ಹೆಂಗಸರಿಗೆ ಬೇಗ ಏರುತ್ತದಲ್ಲ? ಹೌದು. ಸರಾಸರಿ ನೋಡಿದರೆ ಹೆಂಗಸರ ತೂಕ ಕಡಿಮೆ, ಮೈಯಲ್ಲಿ ನೀರಿನ ಪಾಲೂ ಕಡಿಮೆ, ಹಾಗಾಗಿ ಅಷ್ಟೇ ಗ್ರಾಂಗೆ ರಕ್ತದಲ್ಲಿ ಪ್ರಮಾಣ ಹೆಚ್ಚು ಏರುತ್ತದೆ. ಇದರಿಂದ ಹೊರಡುವ ತೀರ್ಮಾನ ಗ್ಲಾಸಿನ ಮೇಲೆ ಗ್ರಾಂ ಬರೆಯಿರಿ ಎಂಬುದು. ಗುಲಾಬಿ ಬಣ್ಣದ್ದು ಕೊಡಿ ಎಂದು ದೇಹಶಾಸ್ತ್ರ ಎಲ್ಲೂ ಹೇಳಿಲ್ಲ, ಅದೂ ಆ ಗುಲಾಬಿ ಬಣ್ಣದ್ದರಲ್ಲೇ ಹೆಚ್ಚು ಅಮಲಿರುವಾಗ. ಸುರಕ್ಷಿತ ಎನ್ನಬಹುದಾದ ಮಟ್ಟವೇ ಇಲ್ಲ ಎಂದು ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲಿ ಹೇಳಿದ್ದು ಇಬ್ಬರಿಗೂ. ಬಸುರಿಯರಿಗೆ ಶೂನ್ಯವೇ ಸರಿಯಾದ ಅಳತೆ. ಹಾಗೆಂದು ಹೊಟ್ಟೆ ನೋಡಿ ಪ್ರಶ್ನಿಸಲು ಹೋಗಬೇಡಿ, 0 ಪೆಗ್ಗಿನ ಸಾಲು ಕಣ್ಣಿಗೆ ಬೀಳುವಂತಿರಲಿ.

ಲೇಡೀಸ್ ನೈಟ್, ಮತ್ತು ಪಕ್ಕದ ಟೇಬಲ್ಲಿನಿಂದ ಬಂದ ಗ್ಲಾಸು

ಪುಕ್ಕಟೆ ಡ್ರಿಂಕಿನ ಲೇಡೀಸ್ ನೈಟ್‌ನಲ್ಲಿ ಸಾಮಾನ್ಯವಾಗಿ ಬಡಿಸುವುದು ಅಗ್ಗದ ವೋಡ್ಕಾಕ್ಕೆ ಡಬ್ಬಿ ಜ್ಯೂಸು, ಅಳತೆಯಿಲ್ಲದೆ. ಹೆಂಗಸರನ್ನು ತೋರಿಸಿ ಗಂಡಸರಿಂದ ವಸೂಲಿ ಮಾಡುವ ಲೆಕ್ಕ ಅದು. ಕ್ಯಾಲಿಫೋರ್ನಿಯಾದ ಸುಪ್ರೀಂ ಕೋರ್ಟ್ 1985ರಲ್ಲೇ ಲಿಂಗ ನೋಡಿ ಕೊಡುವ ಇಂಥ ರಿಯಾಯಿತಿ ಅಲ್ಲಿನ ಕಾನೂನಿಗೆ ವಿರುದ್ಧ ಎಂದಿತು. ಬುಧವಾರ ವ್ಯಾಪಾರ ಮಂದವಿದ್ದರೆ ಎಲ್ಲರಿಗೂ ರಿಯಾಯಿತಿ ಕೊಡಿ. ಹೆಸರು ಬಿಡಲು ಮಾಲೀಕರು ಒಪ್ಪದಿದ್ದರೆ ಇಷ್ಟಾದರೂ ಆಗಲಿ: ಇಡೀ ಮೆನು ತೆರೆದಿರಲಿ, ಮೆಷರಿನಲ್ಲೇ ಸುರಿಯಲಿ, 0 ಪೆಗ್ಗಿನ ಡ್ರಿಂಕೂ ಊಟವೂ ಅದೇ ಕೊಡುಗೆಯಲ್ಲಿ ಸೇರಲಿ.

‘ಆ ಟೇಬಲ್ಲಿನ ಮೇಡಂಗೆ ನನ್ನ ಕಡೆಯಿಂದ ಒಂದು ಕೊಡಿ’ ಎಂದು ಯಾರಾದರೂ ಹೇಳಿದರೆ ಡ್ರಿಂಕ್ ಮಾಡುವ ಮೊದಲು ಹೋಗಿ ಕೇಳಿ. ಗ್ಲಾಸು ತಂದಿಟ್ಟ ಮೇಲೆ ಬೇಡ ಎನ್ನುವುದು ಕಷ್ಟ. ಬೇಡವೆಂದರೆ ವಿಷಯ ಅಲ್ಲಿಗೇ ಮುಗಿಯಿತು, ಎರಡನೇ ಸಲ ಕೇಳುವುದಿಲ್ಲ. ‘ಅವಳ ಗ್ಲಾಸಿಗೆ ಇನ್ನೊಂದು ಸ್ಮಾಲ್ ಸೇರಿಸು, ಹೇಳಬೇಡ’ ಎಂಬ ಬೇಡಿಕೆ ಬಂದರೆ ಅದು ಅಪರಾಧದ ಸಿದ್ಧತೆ. ಮ್ಯಾನೇಜರಿಗೆ ಹೇಳಿ, ಆಕೆಗೂ ಹೇಳಿ. 2009ರ ಜನವರಿಯಲ್ಲಿ ಮಂಗಳೂರಿನ ಪಬ್ಬಿಗೆ ನುಗ್ಗಿ ಹೆಣ್ಣುಮಕ್ಕಳನ್ನು ಹೊಡೆದದ್ದನ್ನು ಈ ನಾಡು ಕಂಡಿದೆ. ಕೈಯಲ್ಲಿ ಗ್ಲಾಸು ಹಿಡಿದ ಹೆಂಗಸಿನ ಮೇಲೆ ಬೀಳುವ ಕಣ್ಣುಗಳು ಎಲ್ಲಿಯವರೆಗೆ ಹೋಗಬಲ್ಲವು ಎಂಬುದು ಗೊತ್ತಿದ್ದೇ ಕೆಲಸ ಮಾಡಬೇಕು.

ಕೌಂಟರಿನ ಒಳಗೆ ಯಾರು

ಲಂಡನ್ನಿನ ಸವಾಯ್ ಹೋಟೆಲಿನ ಅಮೆರಿಕನ್ ಬಾರಿನಲ್ಲಿ 20ನೇ ಶತಮಾನದ ಆರಂಭದ ಮುಖ್ಯ ಬಾರ್‌ಟೆಂಡರ್ ಏಡಾ ಕೋಲ್ಮನ್. ಆಕೆ ಕಟ್ಟಿದ ‘ಹ್ಯಾಂಕಿ ಪ್ಯಾಂಕಿ’ಯಲ್ಲಿ ಜಿನ್ ಮತ್ತು ಸಿಹಿ ವರ್ಮುತ್ ಸಮಸಮ, ಮೇಲೆ ಫರ್ನೆಟ್ ಬ್ರಾಂಕಾ ಎಂಬ ಗಿಡಮೂಲಿಕೆ ಮದ್ಯದ ಕಹಿ. ನಮ್ಮಲ್ಲಿ ದೆಹಲಿಗೂ ಅನ್ವಯಿಸುತ್ತಿದ್ದ 1914ರ ಪಂಜಾಬ್ ಅಬಕಾರಿ ಕಾಯ್ದೆಯ 30ನೇ ಕಲಂ ಮದ್ಯ ಬಡಿಸುವ ಜಾಗದಲ್ಲಿ ಹೆಂಗಸರ ಕೆಲಸವನ್ನೇ ನಿಷೇಧಿಸಿತ್ತು. ಸುಪ್ರೀಂ ಕೋರ್ಟ್ 2007ರ ಡಿಸೆಂಬರಿನಲ್ಲಿ ಅನುಜ್ ಗರ್ಗ್ ಪ್ರಕರಣದಲ್ಲಿ ಅದನ್ನು ತಳ್ಳಿಹಾಕಿತು. ಹೆಂಗಸರನ್ನು ನೇಮಿಸಿಕೊಂಡರೆ ಬಾಗಿಲಲ್ಲಿ ನಗುವ ಕೆಲಸಕ್ಕೆ ನಿಲ್ಲಿಸಬೇಡಿ, ಶೇಕರ್ ಕೊಡಿ. ರಾತ್ರಿ ಮನೆಗೆ ಬಿಡುವ ಗಾಡಿ, ಚಿಲಕವಿರುವ ಬಟ್ಟೆ ಬದಲಿಸುವ ಕೋಣೆ, ಗಿರಾಕಿ ಮೀರಿದರೆ ಸೇವೆ ನಿಲ್ಲಿಸುವ ಅಧಿಕಾರ, ಈ ಮೂರೂ ಮೊದಲ ದಿನದಿಂದಲೇ ಬರವಣಿಗೆಯಲ್ಲಿರಲಿ.

ಎಲ್ಲ ಬದಲಿಸಿದ ಒಂದು ತಿಂಗಳಿಗೆ ಬಿಒಟಿಗಳನ್ನು ತೆಗೆದು ಕೂತುಕೊಳ್ಳಿ. ವಾಪಸು ಬಂದ ಡ್ರಿಂಕುಗಳೆಷ್ಟು, ಯಾವುವು, ಸೀಟ್ ನಂಬರಿಲ್ಲದ ಚೀಟಿ ಯಾವ ಪಾಳಿಯವು, ಯಾರ ಕೈಬರಹದವು ಎಂದು ಬೇರ್ಪಡಿಸಿ. ನಂಬರಿಲ್ಲದ ಚೀಟಿಗಳು ಸಾಮಾನ್ಯವಾಗಿ ಶನಿವಾರ ರಾತ್ರಿ ಒಂಬತ್ತರಿಂದ ಹನ್ನೊಂದರ ನಡುವೆ ಗುಂಪುಗೂಡಿರುತ್ತವೆ, ಅವಸರದಲ್ಲಿ ಕೈ ಹಳೆಯ ಊಹೆಗೇ ಮರಳುತ್ತದೆ. ಆ ಎರಡು ಗಂಟೆಗೆ ಒಬ್ಬರನ್ನು ಹೆಚ್ಚಿಗೆ ಹಾಕಿ, ಪ್ರತಿ ಟ್ರೇಯೂ ಚೀಟಿಯೊಂದಿಗೇ ಕೌಂಟರ್ ಬಿಡುವಂತೆ ನೋಡಿಕೊಳ್ಳಿ.